ಚನ್ನಬಸವ್ವನ ಕನ್ನಡಕ್ಕೆ ಕಾಲೇಜಿನ ಕ್ರೆಡಿಟ್ಟು

ಮಿಲ್ಪಿಟಾಸಿನಲ್ಲಿ ನಮ್ಮ ಟೌನ್‌ಹೌಸಿಗೂ ಶರಣಪ್ಪನವರ ಟೌನ್‌ಹೌಸಿಗೂ ನಡುವೆ ಒಂದೇ ಗೋಡೆ. ಅದು ಎಷ್ಟು ತೆಳುವೆಂದರೆ ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಮಗೆ ಸೀನು ಬರುತ್ತಿತ್ತು. ಎಂಬತ್ತನೇ ಇಸವಿಯ ಚಳಿಗಾಲದಲ್ಲಿ ಒಂದು ಬೆಳಗ್ಗೆ ಆ ಕಡೆಯಿಂದ ದಬದಬ ಸದ್ದು ಶುರುವಾಯಿತು. ನಮ್ಮ ಗೋಡೆಯ ಕ್ಯಾಲೆಂಡರು ಕುಣಿಯತೊಡಗಿತು. ಯಾರೋ ಮೊಳೆ ಹೊಡೆಯುತ್ತಿದ್ದಾರೆ, ನಾಲ್ಕು ಮಾತು ಹೇಳಿಯೇ ಬರೋಣವೆಂದು ಸಿಟ್ಟಿನಿಂದ ಹೋಗಿ ಬೆಲ್ಲು ಒತ್ತಿದೆ. ಬಾಗಿಲು ತೆಗೆದವರು ಇಳಕಲ್ಲು ಸೀರೆಯ ಮೇಲೆ ಮಗನ ಹಳೆಯ ಸ್ವೆಟರು ತೊಟ್ಟು, ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು. ಮೊಣಕೈವರೆಗೆ ಹಿಟ್ಟು. ನನ್ನ ಮುಖದ ಸಿಟ್ಟನ್ನು ನೋಡಿದರೋ ಇಲ್ಲವೋ, ಕುಂಕುಮವನ್ನಂತೂ ನೋಡಿದರು.

“ಒಳಗ ಬಾರವ್ವಾ ತಂಗೀ. ರೊಟ್ಟಿ ಬಿಸಿ ಐತಿ,” ಎಂದರು.

ಜಗಳವಾಡಲು ಹೋದವಳು ಎರಡು ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿಪುಡಿ ತಿಂದು, ಇನ್ನೆರಡು ಕಟ್ಟಿಸಿಕೊಂಡು ಮನೆಗೆ ಬಂದೆ. ಆ ಹೆಂಗಸೇ ಚನ್ನಬಸವ್ವ, ಶರಣಪ್ಪನವರ ತಾಯಿ. ಆಗ ತಾನೇ ಹುಬ್ಬಳ್ಳಿಯಿಂದ ಬಂದಿದ್ದರು.

ನಾನು ಮೈಥಿಲಿ, ಮೈಸೂರಿನವಳು. ಕನ್ನಡದಲ್ಲಿ ಬಿ.ಎ. ಮಾಡಿದ್ದೇನೆಂದು ನನಗೆ ತಕ್ಕಮಟ್ಟಿನ ಜಂಬವೂ ಇತ್ತು. ಆ ಜಂಬ ಹೊತ್ತುಕೊಂಡು ಹೋದರೂ ಮೊದಲ ತಿಂಗಳು ಚನ್ನಬಸವ್ವನವರ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. ಅವರಿಗೂ ಅಷ್ಟೇ. “ನಿಮ್ಮದು ರೇಡಿಯೋ ಕನ್ನಡ ನೋಡ್ರಿ,” ಎನ್ನುತ್ತಿದ್ದರು. “ಛಂದ ಐತಿ. ಆದ್ರ ಬಂದ್ ಮಾಡಬೇಕು ಅನಸ್ತದ.” ಅವರ ಬಾಯಿ ಅಂಥದ್ದು. ಯಾರ ಮನಸ್ಸನ್ನೂ ನೋಯಿಸಬೇಕೆಂದು ಆಡಿದ್ದಲ್ಲವಾದ್ದರಿಂದ ಯಾರಿಗೂ ನೋವಾಗುತ್ತಿರಲಿಲ್ಲ.

ಮಗ ಕಂಪ್ಯೂಟರ್ ಚಿಪ್ಪು ತಯಾರಿಸುವ ಕಂಪೆನಿಯ ಇಂಜಿನಿಯರು, ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ. ಇಬ್ಬರೂ ಬೆಳಕು ಹರಿಯುವ ಮೊದಲೇ ಫ್ರೀವೇ ಹತ್ತಿದರೆ ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಚನ್ನಬಸವ್ವನವರಿಗೆ ಟೀವಿಯೇ ಗತಿ. ಮಧ್ಯಾಹ್ನದ ಧಾರಾವಾಹಿಗಳನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತಿದ್ದರೆಂದರೆ, ನಾನು ಕಾಫಿಪುಡಿ ಕೇಳಲು ಹೋದರೂ “ಆ ಕೆಂಪು ಕೂದಲಿನಾಕಿ ಮತ್ತ ಗಂಡನ್ನ ಬಿಟ್ಟಳವ್ವಾ!” ಎಂದು ನಿಜವಾದ ವ್ಯಥೆಯಿಂದ ಹೇಳುತ್ತಿದ್ದರು. ಹೀಗೆ ಕೂತಲ್ಲೇ ಅವರಿಗೆ ಇಂಗ್ಲಿಷು ಅರ್ಥವಾಗಲು ಶುರುವಾಯಿತು. ಆದರೆ ಆಡುತ್ತಿದ್ದದ್ದು ಎರಡೇ ಮಾತು: ‘ಓಕೆ’ ಮತ್ತು ‘ಬೈ’. ಅದನ್ನೂ ಪೋಸ್ಟ್‌ಮ್ಯಾನಿಗೆ ಮಾತ್ರ.

ಅವರಿಗೆ ಹಗಲು ಶುರುವಾಗುತ್ತಿದ್ದದ್ದು ಮೊಮ್ಮಗಳು ಶಾಲೆಯಿಂದ ಬಂದ ಮೇಲೆ. ಶೈಲಜಾ ಒಬ್ಬಳೇ ಮೊಮ್ಮಗಳು. ತೊದಲು ಮಾತು ಕಲಿಯುವ ಮುಂಚೆ ಈ ದೇಶಕ್ಕೆ ಬಂದವಳು. ಅಜ್ಜಿ ಬಂದಾಗ ಅವಳಿಗೆ ಹನ್ನೊಂದೋ ಹನ್ನೆರಡೋ. ಮೊದಲ ದಿನದಿಂದಲೇ ಇಬ್ಬರಿಗೂ ಅಂಟು. ಶಾಲೆಯಿಂದ ಬಂದವಳು ಚೀಲ ಎಸೆದು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂರುವಳು, ಅಜ್ಜಿ ಒಂದು ಮೆಟ್ಟಿಲು ಮೇಲೆ ಕೂತು ಎಣ್ಣೆ ಹಚ್ಚಿ ತಲೆ ಬಾಚುವರು. ಅಜ್ಜಿಯ ಬಾಯಿಂದ ಗದಗ, ಹುಬ್ಬಳ್ಳಿಯ ಕಥೆಗಳು ಒಂದರ ಹಿಂದೊಂದು. ಅದೇ ಕಥೆಗಳು ಮತ್ತೆ ಮತ್ತೆ. ಮೊಮ್ಮಗಳ ಕಡೆಯಿಂದ ಶಾಲೆಯ ಸುದ್ದಿ, ಟೀಚರ ಮೇಲಿನ ಸಿಟ್ಟು, ಗೆಳತಿಯರ ಕಿತಾಪತಿ. ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಗೋಡೆಯ ಈಚೆ ಕೂತು ಬಟ್ಟೆ ಮಡಿಸುವಾಗ ಆ ನಗು ಕೇಳಿ ನನಗೂ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಅಷ್ಟು ದೊಡ್ಡ ಊರಿನಲ್ಲಿ, ಅಷ್ಟೊಂದು ಕಾರುಗಳ ನಡುವೆ, ಇಬ್ಬರು ಹೀಗೆ ಕೂತು ಮಾತಾಡುತ್ತಾರಲ್ಲ ಎಂದು ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನ ಮಗ ನನ್ನೊಡನೆ ಆಡುತ್ತಿದ್ದ ಮಾತೆಂದರೆ ತಿನ್ನಲು ಏನಿದೆ ಎಂಬುದೊಂದೇ.

ಎಂಬತ್ತಾರರ ಹೊತ್ತಿಗೆ ಶೈಲಜಾ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಳು. ಇಲ್ಲಿ ಹೈಸ್ಕೂಲು ಹನ್ನೆರಡನೆಯ ಕ್ಲಾಸಿನವರೆಗೆ. ಚುರುಕು ಮಕ್ಕಳು ಹೈಸ್ಕೂಲಿನಲ್ಲಿ ಇರುವಾಗಲೇ ಹತ್ತಿರದ ಕಮ್ಯುನಿಟಿ ಕಾಲೇಜಿಗೂ ಹೋಗಿ ಒಂದೊಂದು ವಿಷಯ ಮುಗಿಸಿಕೊಳ್ಳಬಹುದು. ಪಾಸಾದರೆ ಕಾಲೇಜಿನ ಕ್ರೆಡಿಟ್ಟು ಅವರ ಹೆಸರಿಗೆ ಜಮೆಯಾಗುತ್ತದೆ. ಮುಂದೆ ಯೂನಿವರ್ಸಿಟಿಗೆ ಹೋದಾಗ ಅದು ಲೆಕ್ಕಕ್ಕೆ ಬರುತ್ತದೆ. ಶೈಲಜಾ ಹಿಂದಿನ ಬೇಸಿಗೆಯಲ್ಲೇ ಹೀಗೆ ಜೀವಶಾಸ್ತ್ರ ಮುಗಿಸಿದ್ದಳು. ಅವಳಿಗೆ ಪ್ರಾಣಿಗಳ ಡಾಕ್ಟರಾಗುವ ಹುಚ್ಚು. ಡ್ಯಾನ್‌ವಿಲ್ಲಿನಲ್ಲಿ ಅವಳ ಗೆಳತಿಯ ಮನೆಯವರು ಕುದುರೆ ಸಾಕಿದ್ದರು. ಶನಿವಾರ ಭಾನುವಾರ ಅಲ್ಲಿ ಲದ್ದಿ ಬಳಿಯುವುದೇ ಇವಳಿಗೆ ಸ್ವರ್ಗ.

“ದನದ ಡಾಕ್ಟರ್ ಆಗಾಕ ಅಮೇರಿಕಾಕ್ಕ ಬರಬೇಕಾಗಿತ್ತೇನ್ರಿ?” ಎಂದು ಶರಣಪ್ಪನವರು ನಮ್ಮೆದುರು ಗೊಣಗುತ್ತಿದ್ದರು. ಮಗಳೆದುರು ಸೊಲ್ಲೆತ್ತುತ್ತಿರಲಿಲ್ಲ.

ಡೇವಿಸ್‌ನ ಯೂನಿವರ್ಸಿಟಿಯಿಂದ ಮಾರ್ಚಿನಲ್ಲಿ ಸೀಟು ಬಂತು; ಎರಡು ಗಂಟೆ ದಾರಿ, ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು. ಜೊತೆಗೆ ಒಂದು ಷರತ್ತೂ ಬಂತು. ಹೈಸ್ಕೂಲಿನಲ್ಲಿ ಎರಡು ವರ್ಷ ಬೇರೆ ಭಾಷೆ ಓದಿರಬೇಕು, ಇವಳದ್ದು ಒಂದೇ ವರ್ಷವಾಗಿದೆ. ಜೂನ್ ಮುಗಿಯುವುದರೊಳಗೆ ತುಂಬಿಸಿಕೊಳ್ಳಿ, ಇಲ್ಲವಾದರೆ ಸೀಟಿಲ್ಲ. ಇವಳು ಒಂದು ವರ್ಷ ಫ್ರೆಂಚು ಓದಿ, ಆ ಮೇಡಮ್ಮಿನ ಜೊತೆ ಜಗಳ ಕಾದು ಬಿಟ್ಟುಬಿಟ್ಟಿದ್ದಳು. ಹಟಮಾರಿತನದಲ್ಲಿ ಅಜ್ಜಿಯ ಮೊಮ್ಮಗಳೇ. ಈಗ ಮೂರು ತಿಂಗಳಲ್ಲಿ ಒಂದು ವರ್ಷದ ಭಾಷೆ ಎಲ್ಲಿಂದ ತರುವುದು? ಸ್ಕೂಲಿನ ಕೌನ್ಸೆಲರು ದಾರಿ ತೋರಿಸಿದರು: ಕಮ್ಯುನಿಟಿ ಕಾಲೇಜಿನಲ್ಲಿ ಕ್ಲಾಸಿಗೆ ಕೂರದೆ ನೇರ ಪರೀಕ್ಷೆ ಬರೆದು ಕ್ರೆಡಿಟ್ಟು ಪಡೆಯಬಹುದು, ಕಾಲೇಜಿನ ಒಂದು ಭಾಷೆಯ ಕ್ರೆಡಿಟ್ಟು ಹೈಸ್ಕೂಲಿನ ಎರಡು ವರ್ಷಕ್ಕೆ ಸಮ, ಫ್ರೆಂಚೇ ಆಗಬೇಕೆಂದಿಲ್ಲ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?

“ಕನ್ನಡ!” ಎಂದರಂತೆ ಶರಣಪ್ಪ, ಕುರ್ಚಿಯಿಂದ ಅರ್ಧ ಎದ್ದು. “ಅದೂ ಎಂಥಾ ಕನ್ನಡಾ! ಆಕಿ ದಿನಾ ಎರಡು ತಾಸು ಅಜ್ಜಿ ಜೋಡಿ ಮಾತಾಡ್ತಾಳ.”

ಕಾಲೇಜಿನ ಭಾಷಾ ವಿಭಾಗಕ್ಕೆ ಒಬ್ಬ ಡೀನಮ್ಮ ಇದ್ದರು, ಸ್ಪ್ಯಾನಿಷ್ ಕಲಿಸುವವರು, ಒಳ್ಳೆಯ ಹೆಂಗಸು. ಕನ್ನಡವೆಂಬ ಹೆಸರನ್ನು ಅವರು ಅದೇ ಮೊದಲು ಕೇಳಿದ್ದು. ಆದರೂ ಆಗಲಿ ಎಂದರು. ಭಾಷೆ ಬಲ್ಲ ಇಬ್ಬರು ಪರೀಕ್ಷಕರನ್ನು ನೀವೇ ಒದಗಿಸಿ, ಅರ್ಧ ಓದು ಬರಹ, ಅರ್ಧ ಮಾತು, ನಾನೂ ಎದುರಿಗೆ ಕೂತಿರುತ್ತೇನೆ ಎಂದರು. ಒಬ್ಬ ಪರೀಕ್ಷಕರಾಗಿ ಲಾಸ್ ಆಲ್ಟೋಸಿನ ಡಾಕ್ಟರ್ ಶೇಷಾದ್ರಿ ಸಿಕ್ಕರು. ಅವರ ಡಾಕ್ಟರೇಟು ರಸಾಯನಶಾಸ್ತ್ರದಲ್ಲಿ, ಆದರೆ ಕನ್ನಡ ಸಂಘದ ಸಭೆಗಳಲ್ಲಿ ಎಲ್ಲರ ಕನ್ನಡ ತಿದ್ದುವ ಕೆಲಸ ಅವರದೇ. ಇನ್ನೊಬ್ಬಳು ನಾನು, ಬಿ.ಎ. ಆದದ್ದಕ್ಕೆ. ಅಂತೂ ಆ ಡಿಗ್ರಿ ಒಂದು ಉಪಯೋಗಕ್ಕೆ ಬಂತೆಂದು ನಮ್ಮ ಮನೆಯವರು ನಕ್ಕರು. ನಾನು ಅವತ್ತು ಅವರ ಸಾರಿಗೆ ಉಪ್ಪು ಹಾಕಲಿಲ್ಲ.

ಅಕ್ಷರ ಕಲಿಸುವ ಜವಾಬ್ದಾರಿಯನ್ನೂ ನಾನೇ ಹೊತ್ತೆ. ಹುಡುಗಿ ಮಹಾ ಚುರುಕು. ಕೆಲವೇ ವಾರಗಳಲ್ಲಿ ಒತ್ತಕ್ಷರಗಳನ್ನು ನುಂಗಿ ನೀರು ಕುಡಿದಳು, ಸಣ್ಣ ಪಾಠಗಳನ್ನು ಓದಿ ಅರ್ಥ ಮಾಡಿಕೊಂಡಳು. ಏಪ್ರಿಲ್ ಕೊನೆಗೆ, ಇನ್ನು ಮಾತಿನ ಭಾಗವನ್ನೂ ಒಮ್ಮೆ ನೋಡಿಬಿಡೋಣವೆಂದು ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಕೂರಿಸಿದೆ. ಶರಣಪ್ಪನವರು ಮಗಳ ಪ್ರತಾಪ ನೋಡಲು ಬಂದು ಸೋಫಾದಲ್ಲಿ ಕೂತಿದ್ದರು.

“ಬೆಳಗ್ಗೆ ಏನು ತಿಂದೆಯಮ್ಮ?” ಎಂದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದಳು.

“ಕನ್ನಡದಲ್ಲಿ ಹೇಳು.”

ಬಾಯಿ ತೆರೆದಳು. ಏನೂ ಬರಲಿಲ್ಲ. ಕಿವಿ ಕೆಂಪಾಯಿತು. ಮತ್ತೊಂದು ಕೇಳಿದೆ, ಅದಕ್ಕೂ ಹೀಗೇ. ಎಲ್ಲವೂ ಅರ್ಥವಾಗುತ್ತಿತ್ತು. ನಾನು ಬೇಕೆಂದೇ ಕಷ್ಟದ ಮಾತು ಬಳಸಿದರೂ ಅರ್ಥವಾಗುತ್ತಿತ್ತು. ನಾಲಿಗೆ ಮಾತ್ರ ಕಟ್ಟಿಹಾಕಿದಂತೆ. ಕೊನೆಗೆ ತಂದೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಾನು ಯಾವತ್ತೂ ಕನ್ನಡ ಮಾತಾಡಿಲ್ಲ ಅಪ್ಪ, ನಿಮಗೆ ಗೊತ್ತಿಲ್ಲವಾ, ಎಂದಳು.

“ಅಲ್ಲs, ದಿನಾ ಅಜ್ಜಿ ಜೋಡಿ ಮಾತಾಡ್ತೀಯಲ್ಲs!”

ಮಾತಾಡುವುದು ಹೌದು. ಅಜ್ಜಿ ಗದಗದ ಕನ್ನಡದಲ್ಲಿ, ಇವಳು ಕ್ಯಾಲಿಫೋರ್ನಿಯಾದ ಇಂಗ್ಲಿಷಿನಲ್ಲಿ. ಆರು ವರ್ಷ ಹೀಗೇ. ಗೋಡೆಯ ಈಚೆ ನಾನು ದಿನವೂ ಕೇಳಿದ್ದೇನೆ. ನಮ್ಮ ಎಲ್ಲರ ಮನೆಗಳಲ್ಲೂ ಮಕ್ಕಳು ಹೀಗೇ ಉತ್ತರಿಸುವುದರಿಂದ ಇದೊಂದು ವಿಷಯವೆಂದೇ ಯಾರಿಗೂ ಅನ್ನಿಸಿರಲಿಲ್ಲ. ಶರಣಪ್ಪನವರ ಮುಖ ನೋಡಲಾಗುತ್ತಿರಲಿಲ್ಲ. ಕಾಲೇಜಿಗೆ ಹೋಗಿ ಎದೆತಟ್ಟಿ ಹೇಳಿ ಬಂದವರು ಅವರು. ಪರೀಕ್ಷೆಯ ದಿನ ಗೊತ್ತಾಗಿಹೋಗಿತ್ತು.

ವಿಷಯ ತಿಳಿದ ಚನ್ನಬಸವ್ವ ಮೊದಲು ಟೀವಿ ಆರಿಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇದು ನಂದs ತಪ್ಪು. ಕೂಸು ಏನಂದ್ರೂ ತಿಳ್ಕೊಂಡಬಿಡ್ತೇನಿ, ಆಕಿಗೆ ಮಾತು ಕಲಿಯೂ ಗರಜs ಬೀಳಲಿಲ್ಲ,” ಎಂದರು. “ಇವತ್ತಿನಿಂದ ನನಗ ಇಂಗ್ಲೀಷು ತಿಳಿಯೂದಿಲ್ಲ.”

ಅಂದಂತೆಯೇ ನಡೆದುಕೊಂಡರು. ಶೈಲಜಾ ಶಾಲೆಯಿಂದ ಬಂದು ಏನೋ ಹೇಳಿದರೆ “ಏನಂದಿ? ತಿಳೀಲಿಲ್ಲ” ಎನ್ನುವರು. ಹುಡುಗಿ ಮೊದಲು ನಕ್ಕಳು, ಆಮೇಲೆ ಮುನಿದಳು, ಆಮೇಲೆ ಕನ್ನಡದಲ್ಲಿ ಹೇಳಲು ನೋಡಿದಳು. ಒಂದು ಶಬ್ದ ಆಡುವುದರೊಳಗೆ ಬೆವರುವಳು. ತಾನು ಆಡುವ ಕನ್ನಡ ತನ್ನ ಕಿವಿಗೇ ಯಾರೋ ವಿದೇಶಿ ಹೆಂಗಸು ಆಡಿದಂತೆ ಕೇಳುತ್ತದೆ, ಅಜ್ಜಿಯ ಎದುರು ಹಾಗೆ ಕೇಳಿಸಿಕೊಳ್ಳಲು ನಾಚಿಕೆ ಎಂದು ನನ್ನ ಬಳಿ ಹೇಳಿಕೊಂಡಳು. ಕೊನೆಗೆ ಸುಮ್ಮನಾಗಿಬಿಟ್ಟಳು. ಹಿಂಬಾಗಿಲ ಮೆಟ್ಟಿಲ ಮೇಲೆ ತಲೆ ಬಾಚುವುದು ನಡೆಯುತ್ತಿತ್ತು, ಮಾತಿಲ್ಲ. ಅಜ್ಜಿಯೂ ಕಥೆ ನಿಲ್ಲಿಸಿದರು. ಗೋಡೆಯ ಆಚೆಯಿಂದ ಸದ್ದೇ ಇಲ್ಲದ ಆ ಸಂಜೆಗಳು ನನಗೆ ಸಹಿಸಲಾಗದಾದವು.

ಒಂದು ದಿನ ತಡೆಯಲಾರದೆ ಹೋದೆ. ಚನ್ನಬಸವ್ವನವರು ಒಬ್ಬರೇ ಕೂತು ಹೆಸರುಕಾಳು ಆರಿಸುತ್ತಿದ್ದರು.

“ಅಲ್ರೀ, ಅವಳು ಪಾಸಾದ್ರೆ ಸೆಪ್ಟೆಂಬರಿಗೆ ಹೊರಟೇಹೋಗ್ತಾಳಲ್ಲ. ಅದಕ್ಕೋಸ್ಕರ ಇಷ್ಟು ಒದ್ದಾಡ್ತೀರಲ್ಲ ನೀವು,” ಎಂದೆ. ನನಗೆ ಬಾಯಿಗೆ ಬಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸವಿಲ್ಲ.

“ಹೋಗಬೇಕಲ್ಲ ಮತ್ತ,” ಎಂದರು. ಕಾಳಿನಿಂದ ತಲೆ ಎತ್ತಲಿಲ್ಲ.

ಅವರ ವ್ರತ ಮುರಿದದ್ದು ಒಂದು ಕುದುರೆಯ ದೆಸೆಯಿಂದ. ಪರೀಕ್ಷೆಗೆ ಇನ್ನೊಂದು ವಾರವಿತ್ತು. ಡ್ಯಾನ್‌ವಿಲ್ಲಿನಲ್ಲಿ ಶೈಲಜಾ ತುಂಬ ಹಚ್ಚಿಕೊಂಡಿದ್ದ ಮುದಿ ಕುದುರೆಯ ಕಾಲು ಮುರಿದು, ಇನ್ನು ನರಳಬಾರದೆಂದು ಡಾಕ್ಟರು ಬಂದು ಸೂಜಿ ಚುಚ್ಚಿ ಅದರ ಪ್ರಾಣ ತೆಗೆದರು. ಅದರ ತಲೆ ಇವಳ ತೊಡೆಯ ಮೇಲೆಯೇ ಇತ್ತಂತೆ. ಮನೆಗೆ ಬಂದವಳು ಬಾಗಿಲಲ್ಲೇ ಕುಸಿದು ಬಿಕ್ಕಿಬಿಕ್ಕಿ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಚನ್ನಬಸವ್ವ ತಿಳಿಯದವರಂತೆ ನಿಲ್ಲಲಾರದೆ ಹೋದರು. ಅವಳನ್ನು ತಬ್ಬಿಕೊಂಡು, ಹುಬ್ಬಳ್ಳಿಯಲ್ಲಿ ತಾವು ಸಾಕಿದ್ದ ಎಮ್ಮೆ ಸತ್ತದ್ದನ್ನು ಹೇಳಿ, ಇಬ್ಬರೂ ಕೂಡಿ ಅತ್ತರು. ಮರುದಿನ ನನಗೆ ಹೇಳಿದರು: “ಕೂಸು ಅಳಾಕತ್ತಿತ್ತು. ತಿಳಿಯೂದಿಲ್ಲ ಅಂತ ಹೆಂಗ ಅನ್ನಲಿ? ಪರೀಕ್ಷಾ ಹಾಳಾಗಿ ಹೋಗ್ಲಿ.” ಆ ಸಂಜೆಯಿಂದ ಗೋಡೆಯ ಆಚೆ ಮತ್ತೆ ಹಳೆಯ ಗಲಗಲ, ಎರಡು ಭಾಷೆಯಲ್ಲಿ. ಕೇಳಿ ನನಗೆ ಹಾಯೆನಿಸಿತು. ಜೊತೆಗೇ ಹುಡುಗಿಯ ಸೀಟು ಹೋಯಿತೆಂದು ಖಾತ್ರಿಯೂ ಆಯಿತು.

ಪರೀಕ್ಷೆಯ ದಿನ ಶರಣಪ್ಪನವರ ಕಾರಿನಲ್ಲೇ ಎಲ್ಲರೂ ಹೋದೆವು. ಗುಡ್ಡದ ಬುಡದಲ್ಲಿ ಕಾಲೇಜು, ಸುತ್ತ ಒಣಗಿದ ಹುಲ್ಲು. ಮೇ ತಿಂಗಳಿಗೇ ಬೇಸಿಗೆ ಬಂದಂತಿತ್ತು. ಬೆಳಗಿನ ಓದು ಬರಹದ ಭಾಗ ಸಲೀಸಾಗಿ ಮುಗಿಯಿತು. ಶೇಷಾದ್ರಿಯವರು ಕೆಂಪು ಪೆನ್ನು ಹಿಡಿದು ಹುಡುಕಿದರೂ ಹೆಚ್ಚು ತಪ್ಪು ಸಿಗಲಿಲ್ಲ. ಊಟದ ನಂತರ ಮಾತಿನ ಭಾಗ. ಮನೆಯವರು ಒಳಗೆ ಇರಕೂಡದು ಎಂದು ಡೀನಮ್ಮ ಹೇಳಿದ್ದರಿಂದ ಚನ್ನಬಸವ್ವ, ಶರಣಪ್ಪ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಸೆಖೆಗೆ ಬಾಗಿಲು ತೆರೆದೇ ಇತ್ತು. ಬಾಗಿಲ ಸಂದಿಯಲ್ಲಿ ಇಳಕಲ್ಲು ಸೀರೆಯ ಕೆಂಪು ಸೆರಗು ನನಗೆ ಕಾಣುತ್ತಿತ್ತು.

ಶೇಷಾದ್ರಿಯವರು ಮೃದುವಾಗಿಯೇ ಶುರುಮಾಡಿದರು. “ನಿಮ್ಮ ಕುಟುಂಬದ ಬಗ್ಗೆ ನಾಲ್ಕು ಮಾತು ಹೇಳಮ್ಮ.”

ಶೈಲಜಾ ಮೇಜಿನ ಅಂಚನ್ನು ಹಿಡಿದುಕೊಂಡಳು. ಏನೂ ಬರಲಿಲ್ಲ. ಅವರು ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಅವಳ ಕಣ್ಣಲ್ಲಿ ನೀರಾಡಿತು. ಡೀನಮ್ಮ ಗಡಿಯಾರ ನೋಡಿದರು. ಹೊರಗಿನ ಸೆರಗು ಅಲ್ಲಾಡಲಿಲ್ಲ. ನನಗೆ ನನ್ನ ಮೇಲೆ, ಶರಣಪ್ಪನ ಮೇಲೆ, ಆ ಡೇವಿಸ್ಸಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

“ನೀನೇನೂ ಹೇಳ್ಬೇಡ ಬಿಡು,” ಎಂದೆ. “ಅಜ್ಜಿ ತಲೆ ಬಾಚುವಾಗ ಏನು ಹೇಳ್ತಾರೆ? ಅದನ್ನೇ ಹೇಳು. ಅವರು ಹೇಳೋ ಹಾಗೇ.”

ಅವಳು ನನ್ನನ್ನೇ ನೋಡಿದಳು. ಒಮ್ಮೆ ಉಸಿರೆಳೆದುಕೊಂಡಳು. ಟೀ ಶರ್ಟಿನ ಹೆಗಲ ಮೇಲೆ ಇಲ್ಲದ ಸೆರಗನ್ನು ಎಳೆದುಕೊಂಡಳು. ಆಮೇಲೆ ಅವಳ ಬಾಯಿಂದ ಚನ್ನಬಸವ್ವ ಮಾತಾಡಿದರು.

“ನಾ ಗದಗದಾಕಿ. ನಮ್ಮಪ್ಪಗ ಆರು ಮಂದಿ ಹೆಣ್ಣುಮಕ್ಕಳು, ನಾ ನಾಕನೇದಾಕಿ. ನಾಕನೇದಾಕಿ ಅಂದ್ರ ಯಾರ ಲಕ್ಷ್ಯಾನೂ ಇರೂದಿಲ್ಲ. ಹೊಸಾ ಸೀರಿನೂ ಇಲ್ಲ, ಹೊಡತಾನೂ ಇಲ್ಲ. ಹದಿಮೂರು ತುಂಬೂದ್ರಾಗ ಲಗ್ನ ಮಾಡಿಬಿಟ್ರು. ನಮ್ಮ ಮನಿಯವರು ಹುಬ್ಬಳ್ಳ್ಯಾಗ ರೇಲ್ವೆ ವರ್ಕಶಾಪಿನ್ಯಾಗ ಇದ್ರು.”

ಶೇಷಾದ್ರಿಯವರ ಪೆನ್ನು ನಿಂತಿತು. “ಮನೆಯವರು ಅಂದ್ರೆ ಯಾರಮ್ಮ? ಹೆಸರು ಹೇಳು.”

ಹುಡುಗಿ ನಾಲಿಗೆ ಕಚ್ಚಿಕೊಂಡಳು. “ಹೆಸರು ಹೇಳಬಾರದ್ರಿ.”

ಶೇಷಾದ್ರಿಯವರು ಕಂಗಾಲಾಗಿ ನನ್ನ ಕಡೆ ನೋಡಿದರು. “ಅವಳ ಅಜ್ಜ ಕಣ್ರೀ, ಅಪ್ಪಾಸಾಹೇಬ,” ಎಂದು ಪಿಸುಗುಟ್ಟಿದೆ. ಅವರು ತಲೆಯಾಡಿಸಿ ಪೆನ್ನು ಕೆಳಗಿಟ್ಟರು. ಅವಳ ಕಥೆ ಮುಗಿಯುವವರೆಗೂ ಮತ್ತೆ ಎತ್ತಿಕೊಳ್ಳಲಿಲ್ಲ.

“ವರ್ಕಶಾಪಿನ ಭೋಂಗಾ ಕೂಗಿತಂದ್ರ ರೊಟ್ಟಿ ತಾಟಿನ್ಯಾಗ ಇರಬೇಕು. ತಡಾ ಆತಂದ್ರ ಮಾತಿಲ್ಲ ಕತಿಯಿಲ್ಲ, ಹಂಗs ಹೋಗಿಬಿಡಾವ್ರು. ಸಂಜಿತನಾ ನಾನೂ ಉಣ್ತಿದ್ದಿಲ್ಲ. ಆದ್ರ ಒಳ್ಳೇವ್ರು. ನನಗ ಜ್ವರಾ ಬಂದ್ರ ತಲಿ ಒತ್ತಾವ್ರು, ಯಾರಿಗೂ ಕಾಣದಂಗ ಬಾಗಲಾ ಮುಚ್ಚಿ. ಎರಡು ಕೂಸು ನನಗ ದಕ್ಕಲಿಲ್ಲ. ಆಮ್ಯಾಲೆ ಶರಣ್ಯಾ ಹುಟ್ಟಿದ. ಶರಣ್ಯಾ ಸಣ್ಣಾಂವ ಇದ್ದಾಗ ಭಾಳ ಅಳಬುರಕ. ಸಾಲಿಗೆ ಒಯ್ದು ಬಿಟ್ರ ನನಕಿಂತಾ ಮೊದಲs ಮನಿಗೆ ಬಂದು ಕುಂದ್ರಾಂವ.”

ಹೊರಗೆ ಶರಣಪ್ಪನವರು ಕೆಮ್ಮಿದ್ದು ಕೇಳಿಸಿತು. ಶೈಲಜಾ ನಿಲ್ಲಲಿಲ್ಲ. ಅಜ್ಜಿ ಕೈ ತಿರುಗಿಸುವಲ್ಲಿ ಕೈ ತಿರುಗಿಸುತ್ತ, ಅಜ್ಜಿ ನಗುವಲ್ಲಿ ನಗುತ್ತ ಹೇಳುತ್ತ ಹೋದಳು. ಗಂಡ ತೀರಿಕೊಂಡದ್ದು, ಭೋಂಗಾ ಕೇಳಿದಾಗಲೆಲ್ಲ ರೊಟ್ಟಿ ಬಡಿಯಲು ಎದ್ದುಬಿಡುತ್ತಿದ್ದದ್ದು, ಮಗ ಬಂದು ಅಮೇರಿಕಕ್ಕೆ ಕರೆದದ್ದು, ವಿಮಾನದಲ್ಲಿ ಕಿಟಕಿ ತೆಗೆಯಿರೆಂದು ಕೇಳಿದ್ದು. ಒಂದು ಕಡೆಯೂ ತಡವರಿಸಲಿಲ್ಲ. ಹದಿನೇಳು ವರ್ಷದ ಹುಡುಗಿ, ಜೀನ್ಸು ತೊಟ್ಟು, ಒಬ್ಬ ವಿಧವೆಯ ಬಾಳನ್ನೆಲ್ಲ ‘ನಾ, ನನಗ’ ಎಂದು ಹೇಳುತ್ತಿದ್ದರೆ ನನಗೆ ಮೈ ನವಿರೆದ್ದಿತು. ಅವಳಲ್ಲಿ ಇದ್ದ ಕನ್ನಡವೆಲ್ಲ ಇದೇ. ತನಗೆಂದು ಒಂದು ವಾಕ್ಯವೂ ಅದರಲ್ಲಿ ಇರಲಿಲ್ಲ.

“ಈಗ ಮಿಲ್ಪಿಟಾಸಿನ್ಯಾಗ ಅದೇನಿ. ಮಗಾ ಸೊಸಿ ಕೆಲಸಕ್ಕ ಹೊಕ್ಕಾರ. ಮೊಮ್ಮಗಳು ಸಾಲಿಯಿಂದ ಬರೂತನಾ ಟೀವಿ ಹಚ್ಚಿ ಕುಂದರ್ತೇನಿ. ಆಕಿ ಬಂದಮ್ಯಾಲೆ ಮನಿ, ಮನಿ ಅನಸ್ತದ. ಆಕಿ ಇನ್ನ ದೊಡ್ಡ ಕಾಲೇಜಿಗೆ ಹೊಕ್ಕಾಳ. ಹೋಗ್ಲಿ, ಹೋಗಬೇಕು, ಶಾಣ್ಯಾಕಿ ಅದಾಳ. ಆದ್ರ ಆಕಿ ಹೋದಮ್ಯಾಲೆ ನನ್ನ ಜೋಡಿ ಯಾರು ಮಾತಾಡ್ತಾರ?”

ಅಲ್ಲಿ ನಿಂತುಬಿಟ್ಟಳು. ತಲೆ ಬಾಚುವಾಗ ಆ ಮಾತನ್ನು ಎಷ್ಟು ಸಲ ಕೇಳಿದ್ದಳೋ. ಹಿಂದಿನ ಮಾತುಗಳ ಜೊತೆಗೆ ಅದೂ ಹಾಗೇ ಬಂದುಬಿಟ್ಟಿತ್ತು. ತನ್ನ ಬಾಯಿಂದ ಹೊರಬಿದ್ದ ಮೇಲೆಯೇ ಅದು ಅವಳಿಗೆ ಕೇಳಿಸಿದ್ದು. ಮುಖ ಬಿಳಿಚಿಕೊಂಡಿತು.

ಶೇಷಾದ್ರಿಯವರು ಮುಂದಕ್ಕೆ ಬಾಗಿದರು. ಸಂಘದ ಸಭೆಗಳಲ್ಲಿ ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

“ಇದೆಲ್ಲ ಅಜ್ಜಿ ಮಾತಾಯ್ತಮ್ಮ. ತುಂಬ ಚೆನ್ನಾಗಿ ಹೇಳ್ದೆ. ಆದ್ರೆ ಪರೀಕ್ಷೆ ಇರೋದು ನಿಂಗೆ. ನಿಂದು ಅಂತ ಒಂದು ಮಾತು ಬೇಕು, ಒಂದೇ ಒಂದು. ಅಜ್ಜಿ ಕೇಳಿದ್ರಲ್ಲ ಈಗ, ಅದಕ್ಕೆ ನೀನೇನು ಹೇಳ್ತೀಯ?”

ಅವಳು ಅವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲ ಸಂದಿಯ ಕೆಂಪು ಸೆರಗನ್ನು ನೋಡಿದಳು. ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಆಮೇಲೆ ಒಂದೊಂದೇ ಶಬ್ದ ಹೊರಬಂತು, ಅಜ್ಜಿಯ ಲಯ ಇಲ್ಲದೆ, ಹೆಜ್ಜೆ ಕಲಿಯುವ ಮಗುವಿನ ಹಾಗೆ.

“ನಾ... ನಾ ಮಾತಾಡ್ತೇನಿ, ಅಜ್ಜಿ. ಫೋನ್... ಫೋನಿನ್ಯಾಗ. ದಿನಾ. ನಿನ್ನ ಜೋಡಿ ನಾ ಮಾತಾಡ್ತೇನಿ.”

ಹೊರಗಿನಿಂದ ಕೂಡಲೇ ಗಾಬರಿಯ ದನಿ ಬಂತು. “ಯವ್ವಾ, ಈಗ ನನ್ನ ಜೋಡಿ ಮಾತಾಡಬ್ಯಾಡ! ಪರೀಕ್ಷಾ ನಡದೈತಿ, ಸರ್ ಜೋಡಿ ಮಾತಾಡು!” ಕೊನೆಯ ಮಾತಿನ ಹೊತ್ತಿಗೆ ಆ ದನಿ ಒಡೆದುಹೋಯಿತು.

ಡೀನಮ್ಮ ಹುಬ್ಬು ಗಂಟಿಕ್ಕಿದರು. ಹೊರಗಿರುವವರು ಉತ್ತರ ಹೇಳಿಕೊಡುತ್ತಿದ್ದಾರೆಯೇ ಎಂದು ಕೇಳಿದರು.

“ಇಲ್ಲ,” ಎಂದರು ಶೇಷಾದ್ರಿ, ಇಂಗ್ಲಿಷಿನಲ್ಲಿ. “ಅಜ್ಜಿ, ಮೊಮ್ಮಗಳು ಮಾತಾಡುತ್ತಿದ್ದಾರೆ. ಕನ್ನಡದಲ್ಲಿ ಇದೇ ಮೊದಲಂತೆ.”

ಡೀನಮ್ಮ ಒಂದು ಗಳಿಗೆ ಹುಡುಗಿಯ ಮುಖವನ್ನೇ ನೋಡಿದರು. ನಂತರ ಮುಂದಿದ್ದ ಹಾಳೆಯನ್ನು ಶೇಷಾದ್ರಿಯವರ ಕಡೆ ಸರಿಸಿದರು. ಅವರು ಅಂಕ ಬರೆದು ಸಹಿ ಹಾಕಿ ನನಗೆ ಕೊಟ್ಟರು, ನಾನೂ ಹಾಕಿದೆ. ಶೇಷಾದ್ರಿಯವರು ಎದ್ದು ಬಾಗಿಲಿಗೆ ಹೋಗಿ ಚನ್ನಬಸವ್ವನವರನ್ನು ಒಳಗೆ ಕರೆತಂದು, ತಮ್ಮ ಕುರ್ಚಿಯನ್ನೇ ಎಳೆದು ಮೊಮ್ಮಗಳ ಎದುರಿಗೆ ಕೂರಿಸಿದರು.

“ಮುಗೀತೇನ್ರಿ ಸರ?” ಎಂದರು ಚನ್ನಬಸವ್ವ. “ಪಾಸೇನ?”

“ಪಾಸು. ಈಗ ಎಷ್ಟು ಬೇಕಾದ್ರೂ ಮಾತಾಡಿ ನೀವು.”

ಪಕ್ಕದ ಮನೆಯಲ್ಲಿದ್ದು ಆರು ವರ್ಷ ನಾನು ಆ ಹೆಂಗಸಿನ ಬಾಯಿ ಕೇಳಿದ್ದೇನೆ. ಅವತ್ತು ಆ ಬಾಯಿಗೆ ಒಂದು ಮಾತೂ ಬರಲಿಲ್ಲ. ಮೊಮ್ಮಗಳ ಎರಡೂ ಕೈ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಕೂತುಬಿಟ್ಟರು. ಶೈಲಜಾ ಅಜ್ಜಿಯ ಸೆರಗನ್ನೇ ಎತ್ತಿ ಅವರ ಮುಖ ಒರೆಸಿದಳು.

“ಅಳಬ್ಯಾಡ, ಅಜ್ಜಿ,” ಎಂದಳು. “ನಡಿ. ಮನಿಗೆ ಹೋಗೂಣು.”